ಟ್ರ್ಯಾಕ್ಟರಿಗೆ ಕಂಪ್ಯೂಟರ್ ಜೋಡಿಸಿದಾಗ ಫ್ಯೂಸು ಹಾರಿದರೆ: ದೋಷ ಹುಡುಕುವ ಕ್ರಮ

ಒಂದು ಕಾಲಕ್ಕೆ ಟ್ರ್ಯಾಕ್ಟರಿನ ಬ್ಯಾಟರಿಗೆ ಎರಡೇ ಕೆಲಸಗಳಿದ್ದವು. ಒಂದು, ಎಂಜಿನನ್ನು ಚಾಲೂ ಮಾಡುವುದು. ಇನ್ನೊಂದು, ದೀಪ ಮತ್ತು ಹಾರ್ನುಗಳಿಗೆ ವಿದ್ಯುತ್ ಒದಗಿಸುವುದು. ಇಂದು ಈ ಕೆಲಸಗಳ ಪಟ್ಟಿ ಬೆಳೆದಿದೆ. ಹೊಲವನ್ನು ಮಟ್ಟ ಮಾಡುವ ಲೇಸರ್ ಲೆವೆಲರಿನ ನಿಯಂತ್ರಣ ಪೆಟ್ಟಿಗೆ, ಸಾಲು ತಪ್ಪದಂತೆ ದಾರಿ ತೋರಿಸುವ ಪರದೆ, ಲೆಕ್ಕಪತ್ರಕ್ಕೆ ಬಳಸುವ ಲ್ಯಾಪ್‌ಟಾಪ್, ಇವೆಲ್ಲ ಕಂಪ್ಯೂಟರಿನ ಜಾತಿಗೇ ಸೇರಿದ ಉಪಕರಣಗಳು. ಇವೆಲ್ಲವೂ ಅದೇ 12 ವೋಲ್ಟಿನ ಬ್ಯಾಟರಿಯಿಂದಲೇ ವಿದ್ಯುತ್ ಪಡೆಯುತ್ತವೆ. ಮಲಪ್ರಭಾ ಅಚ್ಚುಕಟ್ಟಿಗೆ ಸೇರಿದ ನವಲಗುಂದ ಭಾಗದಂಥ ಕಡೆ ಎರೆ ಭೂಮಿಯಲ್ಲಿ ನೀರು ಒಂದೇ ಸಮನೆ ಹರಿಯಬೇಕಾದರೆ ಹೊಲ ಮಟ್ಟವಾಗಿರಲೇಬೇಕು. ಆದ್ದರಿಂದ ಇಂಥ ಉಪಕರಣಗಳು ರೈತರಿಗೆ ಬೇಕಾದವುಗಳೇ ಆಗಿವೆ.

ಆದರೆ ಇವುಗಳನ್ನು ಜೋಡಿಸಿದ ಮೊದಲ ದಿನವೇ ಅನೇಕರಿಗೆ ಎದುರಾಗುವ ತೊಂದರೆಯೆಂದರೆ ಫ್ಯೂಸು ಹಾರುವುದು. ಹೊಸ ಫ್ಯೂಸು ಹಾಕಿದರೆ ಅದೂ ಹಾರುತ್ತದೆ. ಬಾಡಿಗೆಯ ಯಂತ್ರ ಹೊಲದಲ್ಲಿ ನಿಂತಿರುತ್ತದೆ, ತಾಸಿನ ಲೆಕ್ಕ ಓಡುತ್ತಿರುತ್ತದೆ. ಆಗ ಯಾರಾದರೊಬ್ಬರು, "ತುಸು ದಪ್ಪ ತಂತಿ ಸುತ್ತಿಬಿಡ್ರಿ, ಮತ್ತ ಹಾರೂದಿಲ್ಲ" ಎಂದು ಸಲಹೆ ಕೊಡುತ್ತಾರೆ. ಆ ಮಾತು ನಿಜ, ಫ್ಯೂಸು ಮತ್ತೆ ಹಾರುವುದಿಲ್ಲ. ಅದರ ಬದಲು ತಂತಿ ಸುಡುತ್ತದೆ. ಒಣಗಿದ ಕಣಿಕೆ, ಹೊಟ್ಟು ಅಥವಾ ಹತ್ತಿಕಟ್ಟಿಗೆಯ ನಡುವೆ ನಿಂತ ಟ್ರ್ಯಾಕ್ಟರಿನಲ್ಲಿ ತಂತಿ ಹೊತ್ತಿಕೊಂಡರೆ ಆಗುವ ಹಾನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ಯೂಸು ಹಾರಲು ಕಾರಣವೇನೆಂಬುದನ್ನು ಹೊಲದಲ್ಲಿಯೇ ಕಂಡುಹಿಡಿಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಜೀಪು, ಕಾರು ಮತ್ತು ಪಿಕಪ್ ವಾಹನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಫ್ಯೂಸಿನ ಕೆಲಸ

ಫ್ಯೂಸು ಹೊಲದ ಕಾವಲುಗಾರನಿದ್ದಂತೆ. ಅದು ಕಾಯುವುದು ಮುಖ್ಯವಾಗಿ ಕಂಪ್ಯೂಟರನ್ನಲ್ಲ, ತಂತಿಯನ್ನು. ತಂತಿ ತಾಳುವುದಕ್ಕಿಂತ ಹೆಚ್ಚು ವಿದ್ಯುತ್ ಹರಿದಾಗ ಫ್ಯೂಸಿನೊಳಗಿನ ಸಣ್ಣ ಲೋಹದ ಪಟ್ಟಿ ಮೊದಲು ಕರಗಿ, ದಾರಿಯನ್ನು ಕಡಿದುಬಿಡುತ್ತದೆ.

ಎಂಜಿನು ಚಾಲೂ ಮಾಡುವಾಗ ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ಇದು. ಫ್ಯೂಸು ಇಲ್ಲದ ಸಣ್ಣ ತಂತಿಯೊಂದು ಚಾಸಿಗೆ ತಗುಲಿದರೆ ಅಷ್ಟೂ ವಿದ್ಯುತ್ ಅದರಲ್ಲಿ ಹರಿಯಲು ನೋಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಹೊದಿಕೆ ಕರಗಿ ತಂತಿ ಕೆಂಡವಾಗುತ್ತದೆ. 12 ವೋಲ್ಟು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಹಗುರಾಗಿ ಕಾಣಬಾರದು. ಶಾಕ್ ಹೊಡೆಯದ ವಿದ್ಯುತ್ತೂ ಬೆಂಕಿ ಹಚ್ಚಬಲ್ಲದು.

ಫ್ಯೂಸು ತನ್ನ ಮೇಲೆ ಬರೆದ ಅಂಕಿಗೆ ಸರಿಯಾಗಿ ಹಾರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ವಾಹನಗಳ ಚಪ್ಪಟೆ (ಬ್ಲೇಡ್) ಫ್ಯೂಸಿನಲ್ಲಿ ಅಂಕಿಗಿಂತ ಸ್ವಲ್ಪವೇ ಹೆಚ್ಚು ಹರಿದರೆ ಅದು ಬಹಳ ಹೊತ್ತು ತಾಳುತ್ತದೆ. ಎರಡು ಪಟ್ಟು ಹರಿದರೆ ಸುಮಾರು 5 ಸೆಕೆಂಡುಗಳೊಳಗೆ ಹಾರುತ್ತದೆ. ಇನ್ನೂ ಹೆಚ್ಚು ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರುತ್ತದೆ. ಹಾರಲು ಹಿಡಿದ ಸಮಯ ನಮಗೆ ಸುಳಿವು ಕೊಡುವುದು ಈ ಕಾರಣದಿಂದಲೇ.

ಮೊದಲು ಲೆಕ್ಕ

ಮನೆಯ 230 ವೋಲ್ಟಿನಲ್ಲಿ 65 ವ್ಯಾಟಿನ ಲ್ಯಾಪ್‌ಟಾಪಿಗೆ ಬೇಕಾಗುವುದು 0.3 ಆಂಪಿಯರಿಗಿಂತ ಕಡಿಮೆ. ಅದೇ 65 ವ್ಯಾಟನ್ನು 12 ವೋಲ್ಟಿನಿಂದ ತೆಗೆಯಬೇಕಾದರೆ ಸುಮಾರು 5.4 ಆಂಪಿಯರ್ ಬೇಕು, ಅಂದರೆ ಸುಮಾರು ಹತ್ತೊಂಬತ್ತು ಪಟ್ಟು. ಮನೆಯ ಕಟೌಟಿನ ಅನುಭವದಿಂದ ವಾಹನದ ತಂತಿಯನ್ನು ಅಳೆದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಸೂತ್ರ ಸರಳವಾಗಿದೆ: ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಇನ್ವರ್ಟರ್ ಬಳಸಿದರೆ ಅದರೊಳಗಿನ ನಷ್ಟವನ್ನೂ ಸೇರಿಸಬೇಕು. ಇನ್ವರ್ಟರಿನ ದಕ್ಷತೆ ಶೇಕಡಾ 85 ಎಂದು ಹಿಡಿದರೆ, 65 ವ್ಯಾಟಿನ ಲ್ಯಾಪ್‌ಟಾಪಿಗೆ ಬ್ಯಾಟರಿಯಿಂದ ಸುಮಾರು 76 ವ್ಯಾಟ್, ಅಂದರೆ 6.4 ಆಂಪಿಯರ್ ಹರಿಯುತ್ತದೆ. 300 ವ್ಯಾಟಿನ ಇನ್ವರ್ಟರನ್ನು ಪೂರ್ತಿಯಾಗಿ ಬಳಸಿದರೆ ಸುಮಾರು 29 ಆಂಪಿಯರ್ ಬೇಕಾಗುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನ ಫ್ಯೂಸು ಇರುವುದರಿಂದ, ಅಲ್ಲಿಂದ ಇಷ್ಟು ವಿದ್ಯುತ್ ತೆಗೆಯಲು ಹೊರಟರೆ ಫ್ಯೂಸು ಹಾರಲೇಬೇಕು. ಅದು ದೋಷವಲ್ಲ, ಫ್ಯೂಸು ತನ್ನ ಕೆಲಸ ಮಾಡಿದ್ದು ಅಷ್ಟೇ.

ಉಪಕರಣಕ್ಕೆ ಬೇಕಾದ ಆಂಪಿಯರಿನ ಒಂದೂಕಾಲು ಪಟ್ಟು ಫ್ಯೂಸನ್ನು ಆರಿಸುವುದು ಯೋಗ್ಯ. ಮೇಲಿನ ಲ್ಯಾಪ್‌ಟಾಪಿಗೆ 6.4 ಆಂಪಿಯರಿನ ಒಂದೂಕಾಲು ಪಟ್ಟು ಎಂದರೆ 8 ಆಂಪಿಯರ್. ಆದ್ದರಿಂದ 10 ಆಂಪಿಯರಿನ ಫ್ಯೂಸು ಸರಿ. ಆ ಫ್ಯೂಸಿಗೆ ತಕ್ಕ ದಪ್ಪದ ತಾಮ್ರದ ತಂತಿಯನ್ನೇ ಬಳಸಬೇಕು. ಚಪ್ಪಟೆ ಫ್ಯೂಸಿನ ಬಣ್ಣವನ್ನೂ, ಅದಕ್ಕೆ ಕನಿಷ್ಠ ಎಷ್ಟು ದಪ್ಪದ ತಂತಿ ಬೇಕೆಂಬುದನ್ನೂ ಕೆಳಗೆ ಕೊಡಲಾಗಿದೆ.

5 ಆಂಪಿಯರ್, ತಿಳಿ ಕಂದು: 1 ಚದರ ಮಿ.ಮೀ.
7.5 ಆಂಪಿಯರ್, ಕಂದು: 1 ಚದರ ಮಿ.ಮೀ.
10 ಆಂಪಿಯರ್, ಕೆಂಪು: 1.5 ಚದರ ಮಿ.ಮೀ.
15 ಆಂಪಿಯರ್, ನೀಲಿ: 2.5 ಚದರ ಮಿ.ಮೀ.
20 ಆಂಪಿಯರ್, ಹಳದಿ: 4 ಚದರ ಮಿ.ಮೀ.
25 ಆಂಪಿಯರ್, ಬಣ್ಣವಿಲ್ಲದ್ದು: 4 ಚದರ ಮಿ.ಮೀ.
30 ಆಂಪಿಯರ್, ಹಸಿರು: 6 ಚದರ ಮಿ.ಮೀ.

ತಂತಿ ಉದ್ದವಾದಷ್ಟೂ ದಪ್ಪ ಹೆಚ್ಚಬೇಕು. ಬ್ಯಾಟರಿಯಿಂದ 3 ಮೀಟರ್ ದೂರದ ಉಪಕರಣಕ್ಕೆ ಹೋಗಿಬರುವ ತಂತಿ 6 ಮೀಟರ್ ಆಗುತ್ತದೆ. 10 ಆಂಪಿಯರ್ ಹರಿಯುವಾಗ 1 ಚದರ ಮಿ.ಮೀ. ತಂತಿಯಲ್ಲಿ ಸುಮಾರು 1 ವೋಲ್ಟು ದಾರಿಯಲ್ಲೇ ನಷ್ಟವಾಗುತ್ತದೆ. 2.5 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ 0.4 ವೋಲ್ಟಿನಷ್ಟು ಮಾತ್ರ. ವೋಲ್ಟು ಕುಸಿದರೆ ಕಂಪ್ಯೂಟರು ತನಗೆ ಬೇಕಾದ ವ್ಯಾಟನ್ನು ಪಡೆಯಲು ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೀಗೆ ಸಣ್ಣ ತಂತಿಯೂ ಫ್ಯೂಸು ಹಾರಲು ಕಾರಣವಾಗಬಹುದು.

ಹಾರಿದ ಹೊತ್ತೇ ಸುಳಿವು

ಹಾರಿದ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿರಿ. ಒಳಗಿನ ಪಟ್ಟಿ ನಡುವೆ ನೀಟಾಗಿ ಕರಗಿ ಬಿಟ್ಟುಕೊಂಡಿದ್ದರೆ ಭಾರ ಹೆಚ್ಚಾಗಿರುವ ಸಂಭವವುಂಟು. ಒಳಗೆಲ್ಲ ಕಪ್ಪು ಮಸಿ ಹಿಡಿದು ಲೋಹ ಸಿಡಿದಿದ್ದರೆ ತಂತಿ ಎಲ್ಲಿಯೋ ನೇರವಾಗಿ ತಗುಲಿದೆ (ಶಾರ್ಟ್ ಆಗಿದೆ) ಎಂದು ತಿಳಿಯಬೇಕು. ಪಟ್ಟಿ ಸರಿಯಿದ್ದು, ಫ್ಯೂಸಿನ ಕಾಲಿನ ಹತ್ತಿರ ಪ್ಲಾಸ್ಟಿಕ್ ಕರಗಿದ್ದರೆ ಫ್ಯೂಸು ಕೂಡುವ ಜಾಗವೇ ಸಡಿಲವಾಗಿ ಬಿಸಿಯಾಗುತ್ತಿದೆ ಎಂದರ್ಥ. ಅನಂತರ, ಅದು ಯಾವಾಗ ಹಾರಿತು ಎಂಬುದನ್ನು ನೆನಪು ಮಾಡಿಕೊಳ್ಳಬೇಕು.

1. ಫ್ಯೂಸು ಹಾಕಿದೊಡನೆ, ಉಪಕರಣ ಜೋಡಿಸದೆಯೇ ಹಾರಿದರೆ: ಫ್ಯೂಸಿನಿಂದ ಮುಂದಿನ ತಂತಿ ಚಾಸಿಗೆ ತಗುಲಿದೆ. ಹೊದಿಕೆ ಜಜ್ಜಿಹೋಗಿರಬಹುದು, ಬೋಲ್ಟಿನ ಕೆಳಗೆ ಸಿಕ್ಕಿರಬಹುದು ಅಥವಾ ಕೊಟ್ಟಿಗೆಯಲ್ಲಿ ಇಲಿ ಕಡಿದಿರಬಹುದು.

2. ಉಪಕರಣವನ್ನು ಜೋಡಿಸಿದೊಡನೆ ಹಾರಿದರೆ: ಧನ ಮತ್ತು ಋಣ ತುದಿಗಳು ಅದಲುಬದಲಾಗಿರಬಹುದು. ಅನೇಕ ಉಪಕರಣಗಳ ಒಳಗೆ ತಿರುವು ಜೋಡಣೆಯಿಂದ ಕಾಪಾಡುವ ಡಯೋಡ್ ಇರುತ್ತದೆ. ತಪ್ಪು ಜೋಡಿಸಿದಾಗ ಅದು ತನ್ನ ಮೂಲಕ ವಿದ್ಯುತ್ ಹರಿಯಗೊಟ್ಟು ಫ್ಯೂಸನ್ನು ಹಾರಿಸಿ, ಯಂತ್ರವನ್ನು ಉಳಿಸುತ್ತದೆ. ಉಪಕರಣದ ಲೋಹದ ಮೈ ಋಣ ತುದಿಗೆ ಕೂಡಿದ್ದು ಅದನ್ನು ಟ್ರ್ಯಾಕ್ಟರಿನ ಕಬ್ಬಿಣಕ್ಕೆ ಬೋಲ್ಟು ಹಾಕಿ ಕೂಡಿಸಿದ್ದರೆ, ತುದಿಗಳು ಅದಲುಬದಲಾದೊಡನೆ ನೇರ ಶಾರ್ಟ್ ಆಗುತ್ತದೆ. ಬಹಳ ಹಳೆಯ ಕೆಲವು ಟ್ರ್ಯಾಕ್ಟರುಗಳಲ್ಲಿ ಧನ ತುದಿಯನ್ನೇ ಚಾಸಿಗೆ ಕೂಡಿಸಿರುವುದುಂಟು. ಅಂಥ ಟ್ರ್ಯಾಕ್ಟರಿಗೆ ಜೋಡಿಸುವ ಮೊದಲು ತಿಳಿದವರನ್ನು ಕೇಳುವುದು ಅಗತ್ಯ.

3. ಸ್ವಲ್ಪ ಹೊತ್ತು ನಡೆದು ಹಾರಿದರೆ: ಭಾರ ಹೆಚ್ಚಾಗಿದೆ. ದೀಪ ಮತ್ತು ಹಾರ್ನಿನ ಫ್ಯೂಸಿನಿಂದಲೇ ಕಂಪ್ಯೂಟರಿಗೂ ತಂತಿ ಎಳೆದಿದ್ದರೆ, ಹಗಲು ಸರಿಯಿದ್ದು ರಾತ್ರಿ ದೀಪ ಹಚ್ಚಿದಾಗ ಫ್ಯೂಸು ಹಾರುತ್ತದೆ.

4. ಕುಲುಕಿದಾಗ, ತಿರುಗುವಾಗ, ಉಪಕರಣ ಎತ್ತುವಾಗ ಹಾರಿದರೆ: ಎಲ್ಲಿಯೋ ತಂತಿಯ ಹೊದಿಕೆ ಉಜ್ಜಿ ಸವೆದಿದೆ. ಸ್ಟೇರಿಂಗಿನ ಬುಡ, ಎಂಜಿನಿನ ಮೈ, ಬಾನೆಟ್ಟಿನ ಅಂಚು ಮತ್ತು ಹಿಂದಿನ ಮೂರು ಬಿಂದು ಜೋಡಣೆ, ಈ ಜಾಗಗಳನ್ನು ಮೊದಲು ನೋಡಬೇಕು.

5. ಎಂಜಿನು ಚಾಲೂ ಮಾಡುವಾಗ ಹಾರಿದರೆ: ಆ ಹೊತ್ತಿಗೆ ಬ್ಯಾಟರಿಯ ವೋಲ್ಟು 10ಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ನಡೆಯುತ್ತಿರುವ ಕಂಪ್ಯೂಟರು ಆಗ ಹೆಚ್ಚು ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯ ಋಣ ತುದಿಯಿಂದ ಚಾಸಿಗೆ ಹೋಗುವ ದಪ್ಪ ಪಟ್ಟಿ ಸಡಿಲವಾಗಿದ್ದರೆ ಸ್ಟಾರ್ಟರಿನ ವಿದ್ಯುತ್ತು ಕಂಪ್ಯೂಟರಿನ ಸಣ್ಣ ತಂತಿಯ ಮೂಲಕ ಹಿಂದಿರುಗಲು ನೋಡುತ್ತದೆ. ಇದು ಅಪಾಯಕರ. ಎಂಜಿನು ಚಾಲೂ ಆದ ಮೇಲೆಯೇ ಕಂಪ್ಯೂಟರನ್ನು ಹಚ್ಚುವುದು ಒಳ್ಳೆಯ ರೂಢಿ.

ಬಲ್ಬಿನಿಂದ ಪರೀಕ್ಷೆ

ದೋಷ ಹುಡುಕುವಾಗ ಒಂದರ ಮೇಲೊಂದು ಫ್ಯೂಸು ಸುಡಬೇಕಾಗಿಲ್ಲ. ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟಿನ 21 ವ್ಯಾಟಿನ ಬಲ್ಬು, ಅದರ ಹೋಲ್ಡರು ಮತ್ತು ಎರಡು ತುಂಡು ತಂತಿ ಇದ್ದರೆ ಸಾಕು. ಈ ಬಲ್ಬನ್ನು ಫ್ಯೂಸಿನ ಜಾಗದಲ್ಲಿ ಕೂಡಿಸಿದರೆ, ಮುಂದೆ ನೇರ ಶಾರ್ಟ್ ಇದ್ದರೂ 1.75 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ತಂತಿ ಸುಡುವುದಿಲ್ಲ, ಬಲ್ಬು ಮಾತ್ರ ಪೂರ್ಣವಾಗಿ ಉರಿದು ದೋಷವನ್ನು ತೋರಿಸುತ್ತದೆ.

ಕ್ರಮ ಹೀಗಿದೆ:

ಅ) ಎಂಜಿನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎತ್ತಿದ ಉಪಕರಣವನ್ನು ನೆಲಕ್ಕೆ ಇಳಿಸಬೇಕು. ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತು ಬದಿಗಿಡಬೇಕು. ಫ್ಯೂಸನ್ನು ತೆಗೆದು ಅದರ ಎರಡು ಕಾಲುಗಳ ಜಾಗಕ್ಕೆ ಬಲ್ಬಿನ ತಂತಿಗಳನ್ನು ಸಿಕ್ಕಿಸಬೇಕು. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಜೋಡಣೆಯಾಗಿದ್ದರೆ ಎಂಜಿನು ಚಾಲೂ ಮಾಡದೆ ಕೀಲಿಯನ್ನು ತಿರುಗಿಸಬೇಕು.

ಆ) ಬಲ್ಬು ಪೂರ್ಣವಾಗಿ ಉರಿದರೆ ದೋಷ ತಂತಿಯಲ್ಲಿದೆ. ಸಾಲಿನ ನಡುವಿನ ಒಂದು ಕೂಡು ಬಿಚ್ಚಿರಿ. ಬಲ್ಬು ಆರಿದರೆ ದೋಷ ಕೂಡಿನಿಂದ ಮುಂದಿದೆ, ಉರಿಯುತ್ತಲೇ ಇದ್ದರೆ ಹಿಂದಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಎಷ್ಟೇ ಉದ್ದದ ತಂತಿಯಲ್ಲಿದ್ದರೂ ದೋಷದ ಜಾಗ ಬೇಗ ಸಿಗುತ್ತದೆ.

ಇ) ಬಲ್ಬು ಉರಿಯದಿದ್ದರೆ ಒಬ್ಬರು ಬಲ್ಬನ್ನು ನೋಡುತ್ತ ನಿಲ್ಲಬೇಕು, ಇನ್ನೊಬ್ಬರು ತಂತಿಯನ್ನು ಉದ್ದಕ್ಕೂ ಗೇಣು ಗೇಣು ಅಲುಗಾಡಿಸುತ್ತ ಹೋಗಬೇಕು. ಬಲ್ಬು ಮಿಣುಕಿದ ಜಾಗದಲ್ಲಿ ಹೊದಿಕೆ ಸವೆದಿದೆ.

ಈ) ತಂತಿ ಸರಿಯಿದ್ದರೆ ಪ್ಲಗ್ಗಿನ ಜಾಗದಲ್ಲಿ ಮಲ್ಟಿಮೀಟರಿನಿಂದ ಧನ-ಋಣ ತುದಿಗಳನ್ನು ಖಚಿತಪಡಿಸಿಕೊಳ್ಳಬೇಕು. ಸಿಗರೇಟ್ ಲೈಟರ್ ಮಾದರಿಯ ಪ್ಲಗ್ಗಿನಲ್ಲಿ ನಡುವಿನ ತುದಿ ಧನ, ಬದಿಯ ಪಟ್ಟಿಗಳು ಋಣ. ಸಾಕೆಟ್ಟಿನ ತಳದಲ್ಲಿ ನಾಣ್ಯ, ಮೊಳೆ ಅಥವಾ ತಂತಿಯ ಚೂರು ಬಿದ್ದಿಲ್ಲವೆಂದು ಬ್ಯಾಟರಿ ಬಿಚ್ಚಿ ನೋಡಬೇಕು.

ಉ) ಈಗ ಕಂಪ್ಯೂಟರಿನ ಸ್ವಿಚ್ಚನ್ನು ಬಂದ್ ಇಟ್ಟು ಪ್ಲಗ್ಗು ಹಾಕಿರಿ. ಬಲ್ಬು ಒಮ್ಮೆ ಮಿಂಚಿ ಆರಿದರೆ ಚಿಂತಿಸಬೇಕಾಗಿಲ್ಲ, ಒಳಗಿನ ಕೆಪಾಸಿಟರುಗಳು ತುಂಬಿಕೊಂಡವು ಅಷ್ಟೇ. ಸ್ವಿಚ್ಚು ಬಂದ್ ಇದ್ದಾಗಲೂ ಬಲ್ಬು ಪೂರ್ಣವಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಪ್ಲಗ್ಗು ಕೀಳಬೇಕು. ತುದಿಗಳು ಸರಿಯಿದ್ದೂ ಹೀಗಾದರೆ ಯಂತ್ರದೊಳಗೇ ದೋಷವಿದೆ. ಹಿಂದೆ ಒಮ್ಮೆ ತಿರುವು ಜೋಡಿಸಿದಾಗ ಒಳಗಿನ ಡಯೋಡ್ ಸುಟ್ಟು ಕೂಡಿಕೊಂಡಿರಬಹುದು. ಅದನ್ನು ಬದಲಿಸಿಕೊಟ್ಟರೆ ಯಂತ್ರ ಮತ್ತೆ ನಡೆಯಬಹುದಾದ್ದರಿಂದ ದುರಸ್ತಿಗಾರರಿಗೆ ತೋರಿಸದೆ ಎಸೆಯಬಾರದು.

ಊ) ಈ ಯಾವ ಹಂತದಲ್ಲಿಯೂ ದೋಷ ಕಾಣದಿದ್ದರೆ ಉಳಿದದ್ದು ಭಾರದ ಪ್ರಶ್ನೆ. ಮೇಲೆ ಹೇಳಿದ ಲೆಕ್ಕವನ್ನು ಮತ್ತೊಮ್ಮೆ ಮಾಡಿ, ಕಂಪ್ಯೂಟರಿಗೆ ಬೇರೆ ಸಾಲು ಮತ್ತು ಬೇರೆ ಫ್ಯೂಸು ಕೊಡಬೇಕು. ಕಂಪ್ಯೂಟರು ನಡೆಯುವಾಗ ಬಲ್ಬು ಉರಿಯುವುದು ಸಹಜವಾದ್ದರಿಂದ ಅದನ್ನು ದೋಷವೆಂದು ಭಾವಿಸಬಾರದು. ಪರೀಕ್ಷೆ ಮುಗಿದ ಮೇಲೆ ಬಲ್ಬನ್ನು ತೆಗೆದು ಸರಿಯಾದ ಫ್ಯೂಸನ್ನೇ ಹಾಕಬೇಕು.

ಒಂದು ಉದಾಹರಣೆ

ಬೇಸಿಗೆಯಲ್ಲಿ ಒಂದು ಹೊಲಕ್ಕೆ ಲೇಸರ್ ಲೆವೆಲರನ್ನು ಬಾಡಿಗೆಗೆ ತಂದಿದ್ದಾರೆ ಎಂದು ಇಟ್ಟುಕೊಳ್ಳೋಣ. ನಿಯಂತ್ರಣ ಪೆಟ್ಟಿಗೆಗೆ 10 ಆಂಪಿಯರಿನ ಫ್ಯೂಸು ಇದೆ. ಸಾಲು ನೆಟ್ಟಗೆ ಹೋಗುವಾಗ ಎಲ್ಲ ಸರಿ. ಹೊಲದ ಕೊನೆಯಲ್ಲಿ ಬಕೆಟ್ ಎತ್ತಿ ತಿರುಗಿಸಿದಾಗ ಫ್ಯೂಸು ಹಾರುತ್ತದೆ. ಎರಡು ಸಲ ಹೀಗಾದ ಮೇಲೆ ಚಾಲಕರು ದಪ್ಪ ತಂತಿಯ ತುಂಡನ್ನು ಹುಡುಕುತ್ತಾರೆ.

ಇಲ್ಲಿ ನಿಂತು ಯೋಚಿಸಬೇಕು. ಹಾರಿದ ಫ್ಯೂಸಿನೊಳಗೆ ಮಸಿ ಹಿಡಿದಿದೆ, ಆದ್ದರಿಂದ ಭಾರವಲ್ಲ, ಶಾರ್ಟ್. ತಿರುಗುವಾಗ ಮಾತ್ರ ಹಾರುತ್ತದೆ, ಆದ್ದರಿಂದ ಅಲುಗಾಡುವ ಜಾಗದಲ್ಲಿದೆ. ಟ್ರ್ಯಾಕ್ಟರಿನಿಂದ ಬಕೆಟ್ಟಿನ ಕಂಬದ ಮೇಲಿನ ರಿಸೀವರಿಗೆ ಹೋಗುವ ಕೇಬಲ್ಲು ಕೊಂಡಿಯ ಹತ್ತಿರ ಬಾಗುತ್ತದೆ. ಬಲ್ಬು ಹಾಕಿ ಆ ಜಾಗವನ್ನು ಕೈಯಿಂದ ಅಲುಗಾಡಿಸಿದರೆ ಬಲ್ಬು ಮಿಣುಕುತ್ತದೆ. ಬೆರಳಗಲ ಹೊದಿಕೆ ಸವೆದು ತಾಮ್ರ ಕಾಣುತ್ತಿರುತ್ತದೆ. ಆ ತುಂಡನ್ನು ಕತ್ತರಿಸಿ ಹೊಸದು ಕೂಡಿಸಿ, ಮೇಲೆ ಬಾಗುವ ಕೊಳವೆ ಹಾಕಿ, ತಿರುಗಲು ಬೇಕಾದಷ್ಟು ಸಡಿಲ ಬಿಟ್ಟು ಕಟ್ಟಿದರೆ ಕೆಲಸ ಮುಗಿಯಿತು. ಇದಕ್ಕೆ ಹೆಚ್ಚೆಂದರೆ ಒಂದು ತಾಸು ಹಿಡಿದೀತು. ದಪ್ಪ ತಂತಿ ಸುತ್ತಿದ್ದರೆ ಅದೇ ಜಾಗದಲ್ಲಿ ಕಿಡಿ ಹಾರಿ, ಕೆಳಗಿನ ಒಣ ಕೂಳೆಗೆ ಬೆಂಕಿ ಬೀಳುತ್ತಿತ್ತು.

ಮೊದಲೇ ಸರಿಯಾಗಿ ಜೋಡಿಸುವುದು

1. ಬ್ಯಾಟರಿ ಬಿಚ್ಚುವಾಗ ಚಾಸಿಗೆ ಕೂಡಿದ ಋಣ ತುದಿಯನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಕೊನೆಗೆ ಕೂಡಿಸಬೇಕು. ಹೀಗೆ ಮಾಡಿದರೆ ಧನ ತುದಿಯನ್ನು ಬಿಗಿಯುವಾಗ ಪಾನೆಯು ಕಬ್ಬಿಣಕ್ಕೆ ತಗುಲಿದರೂ ಕಿಡಿ ಹಾರುವುದಿಲ್ಲ.

2. ಕಂಪ್ಯೂಟರಿನ ಸಾಲನ್ನು ನೇರ ಬ್ಯಾಟರಿಯಿಂದ ತೆಗೆದು, ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇಡಬೇಕು. ಫ್ಯೂಸು ಕಂಪ್ಯೂಟರಿನ ಪಕ್ಕದಲ್ಲಿದ್ದರೆ ನಡುವಿನ ತಂತಿಗೆ ಕಾವಲು ಇಲ್ಲದಂತಾಗುತ್ತದೆ.

3. ತಂತಿ ಕಬ್ಬಿಣದ ತೂತಿನ ಮೂಲಕ ಹಾಯುವಲ್ಲಿ ರಬ್ಬರಿನ ಬಳೆ ಹಾಕಬೇಕು. ಸೈಲೆನ್ಸರಿನಿಂದ ದೂರವಿಟ್ಟು, ಗೇಣಿಗೊಂದರಂತೆ ಕಟ್ಟಬೇಕು. ತಂತಿಯನ್ನು ಬರಿದೆ ತಿರುಚಿ ಟೇಪು ಸುತ್ತಿದ ಕೂಡು ಹೊಲದ ಕುಲುಕಾಟಕ್ಕೆ ತಾಳುವುದಿಲ್ಲ.

4. ಲ್ಯಾಪ್‌ಟಾಪಿಗೆ ಇನ್ವರ್ಟರಿಗಿಂತ 12 ವೋಲ್ಟಿನಿಂದ ನೇರ ನಡೆಯುವ ಕಾರ್ ಚಾರ್ಜರ್ ಒಳ್ಳೆಯದು, ನಷ್ಟ ಕಡಿಮೆ. ಅನೇಕ ಲಾರಿಗಳಲ್ಲಿ 24 ವೋಲ್ಟು ಇರುವುದರಿಂದ 12 ವೋಲ್ಟಿನ ಉಪಕರಣವನ್ನು ಅಲ್ಲಿ ಹಾಕುವ ಮೊದಲು ಅಳೆದು ನೋಡಬೇಕು.

5. ಎಂಜಿನು ನಡೆಯುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಬಾರದು. ಆಲ್ಟರ್ನೇಟರಿನ ವೋಲ್ಟು ಒಮ್ಮೆಲೇ ಅನೇಕ ಪಟ್ಟು ಜಿಗಿದು ಕಂಪ್ಯೂಟರನ್ನು ಸುಡಬಲ್ಲದು. ಟ್ರ್ಯಾಕ್ಟರಿಗೆ ಅಥವಾ ಅದಕ್ಕೆ ಕೂಡಿಸಿದ ಉಪಕರಣಕ್ಕೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಮತ್ತು ಕಂಪ್ಯೂಟರ್ ಎರಡನ್ನೂ ಬಿಚ್ಚಿಡಬೇಕು.

6. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಜಾರಿಗೆ ಬಂದಿದ್ದು, ಇಂಥವುಗಳಲ್ಲಿ ಎಂಜಿನನ್ನು ನಡೆಸಲೂ ಎಲೆಕ್ಟ್ರಾನಿಕ್ ನಿಯಂತ್ರಕವಿರುತ್ತದೆ. ಅದರ ಸಾಲಿನಿಂದ ಎಂದಿಗೂ ಕವಲು ತೆಗೆಯಬಾರದು.

ರೈತ ಬಾಂಧವರು ಟ್ರ್ಯಾಕ್ಟರಿನ ಸಾಮಾನಿನ ಪೆಟ್ಟಿಗೆಯಲ್ಲಿ ಪಾನೆ, ಇಕ್ಕಳಗಳ ಜೊತೆಗೆ ಸರಿಯಾದ ಅಂಕಿಯ ನಾಲ್ಕು ಫ್ಯೂಸುಗಳನ್ನೂ, ತಂತಿ ಕೂಡಿಸಿದ ಒಂದು ಬಲ್ಬನ್ನೂ ಇಟ್ಟುಕೊಳ್ಳಬೇಕು. ಇವೆರಡೂ ಆಟೋ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ. ಫ್ಯೂಸು ಒಂದು ಸಲ ಹಾರಿದರೆ ಬದಲಿಸಿ ನೋಡಬಹುದು. ಎರಡನೆಯ ಸಲವೂ ಹಾರಿದರೆ ಮೂರನೆಯದನ್ನು ಹಾಕುವ ಮೊದಲು ಬಲ್ಬನ್ನು ಹಾಕಿರಿ. ಕಾವಲುಗಾರನು ಕೂಗಿದಾಗ ಅವನ ಬಾಯಿ ಕಟ್ಟದೆ, ಎದ್ದು ಹೋಗಿ ಹೊಲವನ್ನು ನೋಡುವುದೇ ಜಾಣತನ.